ಸೋಲಾರ್ ಇದ್ದರೂ ಚಳಿಗಾಲದ ಬಿಲ್ ಏರುವುದೇಕೆ?

ಡಿಸೆಂಬರ್ ಬಿಲ್ ಕೈಗೆ ಬಂದ ವಾರ ನನಗೆ ಬರುವ ಫೋನುಗಳ ದೂರು ಹೆಚ್ಚುಕಡಿಮೆ ಒಂದೇ. "ಮೀಟರ್ ಜೋರಾಗಿ ಓಡ್ತಿದೆ ಸಾರ್, ಒಂದ್ಸಲ ಬಂದು ನೋಡಿ." ಹೋಗಿ ನೋಡುತ್ತೇನೆ. ಮೀಟರ್ ಕೆಟ್ಟಿರುವುದು ಬಹಳ ಅಪರೂಪ. ಬೆಂಗಳೂರಿನಲ್ಲಿ ಕೋಣೆ ಬೆಚ್ಚಗಾಗಿಸುವ ಹೀಟರ್ ಇಟ್ಟುಕೊಂಡವರು ಕಡಿಮೆ. ನಮ್ಮ ಚಳಿಗಾಲದ ಖರ್ಚೆಂದರೆ ಸ್ನಾನದ ನೀರಿನ ಖರ್ಚೇ. ಹಾಗಾಗಿ ನಾನು ಮೀಟರ್ ಬೋರ್ಡ್ ಬಿಟ್ಟು ಮೊದಲು ತಾರಸಿ ಹತ್ತುತ್ತೇನೆ. ಸೋಲಾರ್ ಬಿಸಿನೀರಿನ ಟ್ಯಾಂಕಿನಿಂದ ಹೊರಟ ವೈರಿನ ಜಾಡು ಹಿಡಿದು ಕೆಳಗಿಳಿದರೆ ಮೆಟ್ಟಿಲ ಗೋಡೆಯಲ್ಲೋ, ಬಾತ್‌ರೂಮಿನ ಬಾಗಿಲ ಹಿಂದೆಯೋ ಒಂದು ಸ್ವಿಚ್ ಸಿಗುತ್ತದೆ. ಅನೇಕ ಮನೆಗಳಲ್ಲಿ ಅದು ಆನ್ ಆಗಿಯೇ ಇರುತ್ತದೆ.

ಅದು ಸೋಲಾರ್ ಟ್ಯಾಂಕಿನೊಳಗಿನ ಬ್ಯಾಕಪ್ ಕಾಯಿಲ್‌ನ, ಅಂದರೆ ಕರೆಂಟಿನಿಂದ ನೀರು ಕಾಯಿಸುವ ಹೀಟರಿನ ಸ್ವಿಚ್. ಬಿಸಿಲಿಲ್ಲದ ದಿನಕ್ಕೆಂದು ಕೊಟ್ಟದ್ದು. ಮೋಡ ಮುಸುಕಿದ ಸಂಜೆ ಯಾರೋ ಒಬ್ಬರು ಹಾಕುತ್ತಾರೆ, ಬೆಳಗ್ಗೆ ಚೆನ್ನಾಗಿ ಕಾದ ನೀರು ಬರುತ್ತದೆ, ಎಲ್ಲರಿಗೂ ಖುಷಿ. ಮರುದಿನವೂ ಹಾಗೇ ಬಿಡುತ್ತಾರೆ. "ಇದರಿಂದಲೇ ನಿಮ್ಮ ಬಿಲ್ ಏರಿರುವುದು" ಎಂದರೆ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಇದು: "ಅದೂ 2000 ವ್ಯಾಟ್, ಗೀಸರೂ 2000 ವ್ಯಾಟ್. ಎರಡರಲ್ಲಿ ಯಾವುದು ಹಾಕಿದರೇನು?"

ಈ ಒಂದು ವಿಷಯವನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಇಳಿಸುವುದು ಕಷ್ಟವಾಗಿದೆ. ಹಾಗಾಗಿ ಇಲ್ಲಿ ನಿಧಾನವಾಗಿಯೇ ಹೇಳುತ್ತೇನೆ.

ವ್ಯಾಟ್ ಎಂದರೆ ಕರೆಂಟು ಖರ್ಚಾಗುವ ವೇಗ. ಬಿಲ್ ಬರುವುದು ವೇಗಕ್ಕಲ್ಲ, ಯೂನಿಟ್ಟಿಗೆ; 1000 ವ್ಯಾಟ್ ಒಂದು ಗಂಟೆ ಹೊತ್ತು ಓಡಿದರೆ ಒಂದು ಯೂನಿಟ್. ದಪ್ಪ ನಲ್ಲಿಯಲ್ಲಿ ಬಿಂದಿಗೆ ಬೇಗ ತುಂಬುತ್ತದೆ, ಸಣ್ಣ ನಲ್ಲಿಯಲ್ಲಿ ತಡವಾಗಿ ತುಂಬುತ್ತದೆ. ಹಿಡಿಸುವ ನೀರು ಮಾತ್ರ ಅಷ್ಟೇ. ಒಂದು ಯೂನಿಟ್ ಕರೆಂಟು 86 ಲೀಟರ್ ನೀರನ್ನು 10 ಡಿಗ್ರಿ ಏರಿಸುತ್ತದೆ. ಗೀಸರಿಗೂ, ಕಾಯಿಲ್‌ಗೂ, ಬಕೆಟ್ಟಿನಲ್ಲಿಡುವ ರಾಡಿಗೂ, ಯಾವ ಕಂಪನಿಯ ಮಾಲಿಗೂ ಈ ಲೆಕ್ಕ ಒಂದೇ. 2000 ವ್ಯಾಟಿನ ಗೀಸರ್ ತೆಗೆಸಿ 1000 ವ್ಯಾಟಿನದು ಹಾಕಿಸಿದರೆ ಬಿಲ್ ಅರ್ಧವಾಗುತ್ತದೆ ಎಂದುಕೊಂಡವರಿದ್ದಾರೆ. ಕಾಯುವ ಹೊತ್ತು ಎರಡರಷ್ಟಾಗುತ್ತದೆ, ಯೂನಿಟ್ ಅಷ್ಟೇ ಇರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಎಷ್ಟು ವ್ಯಾಟ್ ಎಂಬುದಲ್ಲ. ಎಷ್ಟು ಲೀಟರ್ ನೀರನ್ನು ಎಷ್ಟು ಡಿಗ್ರಿ ಏರಿಸಿದಿರಿ ಎಂಬುದು.

ಈಗ ಲೆಕ್ಕ ಹಾಕಿ. ಜನವರಿಯ ಬೆಳಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು 20 ಡಿಗ್ರಿ ಇದೆ ಎಂದು ಹಿಡಿಯೋಣ. ಹದವಾದ ಸ್ನಾನಕ್ಕೆ 42 ಡಿಗ್ರಿ ಸಾಕು. 20 ಲೀಟರಿನ ಒಂದು ಬಕೆಟ್ಟಿಗೆ ಅರ್ಧ ಯೂನಿಟ್. ನಾಲ್ಕು ಜನಕ್ಕೆ ಎರಡು ಯೂನಿಟ್. ಗೀಸರಿನ ಪೋಲು ಸೇರಿಸಿದರೂ ಎರಡೂವರೆ. ಅದೇ 200 ಲೀಟರಿನ ಸೋಲಾರ್ ಟ್ಯಾಂಕನ್ನು ಕಾಯಿಲ್ ಹಾಕಿ 60 ಡಿಗ್ರಿಗೆ ಏರಿಸಿದರೆ ಒಂಬತ್ತು ಯೂನಿಟ್ಟಿಗೂ ಮೇಲೆ. ಮೋಡದ ನಡುವೆಯೂ ಬಿಸಿಲು ಸ್ವಲ್ಪ ಬಿದ್ದು ನೀರು 30 ಡಿಗ್ರಿಗೆ ಬಂದಿತ್ತು ಎಂದರೂ ಏಳು. ವ್ಯಾಟ್ ಒಂದೇ, ನೀರು ಮಾತ್ರ ಎರಡೂವರೆ ಪಟ್ಟು, ಏರಿಸುವ ಡಿಗ್ರಿಯೂ ಹೆಚ್ಚು.

"ಆದರೆ ಉಳಿದ ನೀರು ಎಲ್ಲಿಗೆ ಹೋಗುತ್ತೆ? ನಾಳೆಗೆ ಬರುತ್ತಲ್ಲ" ಎನ್ನುತ್ತಾರೆ. ಒಪ್ಪುವಂಥ ಮಾತೇ. ಆದರೆ ನಾಳೆ ಬೆಳಗ್ಗೆ ಸೂರ್ಯ ಬಂದಾಗ ಏನಾಗುತ್ತದೆ ನೋಡಿ. ಟ್ಯಾಂಕಿನಲ್ಲಿ ತಣ್ಣೀರು ಇದ್ದರೆ ಸೋಲಾರ್ ಚೆನ್ನಾಗಿ ದುಡಿಯುತ್ತದೆ. ಆಗಲೇ ಕಾದ ನೀರು ಇದ್ದರೆ, ಬಿಸಿಲಿನಿಂದ ಬಿಟ್ಟಿ ಸಿಗುವ ಕಾವು ಅಲ್ಲಿ ಸೇರುವುದಕ್ಕೆ ಜಾಗವೇ ಕಡಿಮೆ. ದುಡ್ಡು ಕೊಟ್ಟು ಕಾಯಿಸಿದ ನೀರು ಪುಕ್ಕಟೆ ಬಿಸಿಲನ್ನು ಹೊರಗೆ ನಿಲ್ಲಿಸಿದಂತಾಯಿತು. ಇದರ ಮೇಲೆ ರಾತ್ರಿಯೆಲ್ಲ ತಾರಸಿಯ ಚಳಿಗಾಳಿಗೆ ಟ್ಯಾಂಕು ಕಳೆದುಕೊಳ್ಳುವ ಕಾವು ಬೇರೆ; ಸ್ವಿಚ್ ಆನ್ ಇದ್ದರೆ ಥರ್ಮೋಸ್ಟಾಟ್ ಅದನ್ನು ಮತ್ತೆ ಮತ್ತೆ ತುಂಬಿಸುತ್ತಿರುತ್ತದೆ.

ವಿಜಯನಗರದಲ್ಲಿ ನಿವೃತ್ತ ಮೇಷ್ಟ್ರು ಒಬ್ಬರ ಮನೆ. ಗಂಡ ಹೆಂಡತಿ ಇಬ್ಬರೇ. ಬಿಲ್‌ಗಳನ್ನು ತಿಂಗಳ ಕ್ರಮದಲ್ಲಿ ಕ್ಲಿಪ್ ಹಾಕಿ ಇಟ್ಟಿದ್ದರು, ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಯೂನಿಟ್ ಬರೆದಿತ್ತು. ಅಷ್ಟು ಶಿಸ್ತಿನ ಮನುಷ್ಯ. ನವೆಂಬರ್‌ವರೆಗೆ ಸೊನ್ನೆ ಬಿಲ್, ಡಿಸೆಂಬರಿನಲ್ಲಿ ಸಾವಿರದ ಎಂಟುನೂರು ದಾಟಿದೆ. ಮೆಟ್ಟಿಲ ಕೆಳಗಿನ ಸ್ವಿಚ್ಚಿನ ಕೆಂಪು ದೀಪ ಎಂದೋ ಸುಟ್ಟುಹೋಗಿತ್ತು, ಮೇಲೆ ಹೆಸರೂ ಬರೆದಿರಲಿಲ್ಲ. ಅದು ಹಳೇ ಪಂಪಿನ ಸ್ವಿಚ್ ಎಂದೇ ಅವರು ತಿಳಿದಿದ್ದರು. ದೀಪಾವಳಿಗೆ ಬಂದ ಮಗ ಆನ್ ಮಾಡಿ ಹೋಗಿದ್ದ. ನಾನು ಆಫ್ ಮಾಡಿ, ಟೇಪ್ ಅಂಟಿಸಿ "ಸೋಲಾರ್ ಕಾಯಿಲ್" ಎಂದು ಬರೆದೆ. ಅಕ್ಷರ ಸೊಟ್ಟಗಾಗಿದೆ ಎಂದು ಅವರು ಅದನ್ನು ಕಿತ್ತು, ತಾವೇ ದುಂಡಗೆ ಬರೆದು ಅಂಟಿಸಿದರು. ಇಂಥವರ ಮನೆಗೆ ಹೋಗುವುದೆಂದರೆ ನನಗೆ ಸಂತೋಷ.

ಸೊನ್ನೆ ಬಿಲ್ ಒಂದೇ ಏಟಿಗೆ ಅಷ್ಟು ಏರಿದ್ದು ಏಕೆಂದರೆ, ಗೃಹಜ್ಯೋತಿಯ ಲೆಕ್ಕವೇ ಹಾಗಿದೆ. 2022-23ರ ತಿಂಗಳ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇಕಡಾ 10 ಸೇರಿಸಿ ನಿಮ್ಮ ಉಚಿತ ಯೂನಿಟ್ ನಿಗದಿಯಾಗಿರುತ್ತದೆ. ಅದನ್ನು ಮೀರಿದರೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ ನಿಮ್ಮದೇ. ಏಪ್ರಿಲ್‌ನಲ್ಲಿ ಫ್ಯಾನ್ ಎಷ್ಟು ತಿರುಗಿದರೂ 150ರಲ್ಲಿ ನಿಲ್ಲುವ ಮನೆ, ಚಳಿಗಾಲದಲ್ಲಿ ಹತ್ತು ರಾತ್ರಿ ಕಾಯಿಲ್ ಹಾಕಿದರೆ ಈ ಗೆರೆ ದಾಟುತ್ತದೆ. ಯೋಜನೆಯ ನಿಯಮ, ದರ ಎರಡೂ ಆಗಾಗ ಬದಲಾಗುವುದರಿಂದ ನಿಮ್ಮ ಬಿಲ್ಲಿನಲ್ಲಿ ಅಚ್ಚಾಗಿರುವ ಅರ್ಹ ಯೂನಿಟ್ಟನ್ನು ನೋಡಿಕೊಳ್ಳುವುದು ಒಳ್ಳೆಯದು.

ಕಾಯಿಲ್ ಇಲ್ಲದ ಮನೆಯಲ್ಲಿ ಇದೇ ಲೆಕ್ಕ ಷವರಿನ ರೂಪದಲ್ಲಿ ಬರುತ್ತದೆ. ಸಾಮಾನ್ಯ ಷವರ್ ನಿಮಿಷಕ್ಕೆ ಎಂಟು ಹತ್ತು ಲೀಟರ್ ಬಿಡುತ್ತದೆ. ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್, ಅಂದರೆ ಎರಡರಿಂದ ಎರಡೂವರೆ ಯೂನಿಟ್. ನಾಲ್ಕು ಜನ ಹೀಗೆ ನಿಂತರೆ ತಿಂಗಳಿಗೆ 240 ಯೂನಿಟ್ ಸ್ನಾನಕ್ಕೇ ಹೋಯಿತು. ಮಕ್ಕಳಿಗೆ ಇದನ್ನು ಬೈದು ಹೇಳುವುದಕ್ಕಿಂತ ಕೂತು ಲೆಕ್ಕ ಮಾಡಿಸಿದರೆ ಬೇಗ ಒಪ್ಪುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಬಿಸಿನೀರಿಗೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ. ಮಲೆನಾಡಿನ ಬಚ್ಚಲೊಲೆಯ ಹಂಡೆಯಲ್ಲಿ ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ಕುದಿನೀರು ಮೈಮೇಲೆ ಹೊಯ್ದುಕೊಂಡು ಬೆಳೆದ ಅಜ್ಜಿ, ಬೆಂಗಳೂರಿನ ಫ್ಲ್ಯಾಟಿನಲ್ಲಿ "ನನಗೆ ಉಗುರುಬೆಚ್ಚಗಿದ್ದರೆ ಸಾಕು" ಎಂದು ಮೊಮ್ಮಕ್ಕಳ ಬಿಲ್‌ಗೆ ಹೆದರಿ ಹೇಳುವುದನ್ನು ಕೇಳಿ ನನಗೆ ಬೇಸರವಾಗಿದೆ. ಅವರ ಒಂದೂವರೆ ಬಕೆಟ್ಟಿನಿಂದ ಯಾವ ಮನೆಯೂ ಮುಳುಗುವುದಿಲ್ಲ.

ಗೀಸರಿನ ಸ್ಟಾರ್ ಬಗ್ಗೆ ಎರಡು ಮಾತು. ಸ್ಟೋರೇಜ್ ಗೀಸರಿನ ಸ್ಟಾರ್ ಅಳೆಯುವುದು ಕಾದ ನೀರು ಸುಮ್ಮನೆ ನಿಂತಿರುವಾಗ ಎಷ್ಟು ಕಾವು ಕಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ. ಅರ್ಧ ಗಂಟೆ ಮುಂಚೆ ಹಾಕಿ, ಸ್ನಾನ ಮುಗಿದ ಮೇಲೆ ಆರಿಸುವವರಿಗೆ ಅದರಿಂದ ಆಗುವ ಉಳಿತಾಯ ಸಣ್ಣದು. ಇಡೀ ದಿನ ಆನ್ ಇಡುವವರಿಗೆ ದೊಡ್ಡದು. ಬೋರ್‌ವೆಲ್ ನೀರಿನ ಬಿಳಿ ಗಸಿ ಹೀಟರಿಗೆ ಕಟ್ಟಿಕೊಂಡರೆ ಹೀಟರ್ ಬೇಗ ಸುಟ್ಟುಹೋಗುತ್ತದೆಯೇ ಹೊರತು, ಅದರಿಂದಲೇ ಬಿಲ್ ಎರಡರಷ್ಟಾಗದು. ಗ್ಯಾಸ್ ಗೀಸರ್ ಅಗ್ಗ ಎಂಬ ಮಾತನ್ನೂ ನಂಬಬೇಡಿ. ಸಿಲಿಂಡರಿಗೆ 850 ರೂಪಾಯಿ, ಕರೆಂಟಿಗೆ ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಎರಡೂ ಹೆಚ್ಚುಕಡಿಮೆ ಸಮಕ್ಕೆ ಬರುತ್ತವೆ. ಗಾಳಿಯಾಡದ ಬಾತ್‌ರೂಮಿನೊಳಗೆ ಅದನ್ನು ಹಾಕಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವವೇ ಹೋಗಬಹುದು. ನಾನಂತೂ ಒಳಗೆ ಹಾಕಿಕೊಡುವುದಿಲ್ಲ.

ನಿಜವಾಗಿ ಉಳಿತಾಯ ತರುವ ಕೆಲಸ ಬೇರೆಯೇ ಇದೆ. ಎಷ್ಟೋ ಮನೆಗಳಲ್ಲಿ ಸೋಲಾರ್ ಲೈನ್ ಒಂದು ನಲ್ಲಿಗೆ, ಗೀಸರ್ ಲೈನ್ ಇನ್ನೊಂದಕ್ಕೆ. ಸೋಲಾರ್ ನೀರು 35 ಡಿಗ್ರಿಗೆ ನಿಂತರೆ "ಬಿಸಿ ಇಲ್ಲ" ಎಂದು ಅದನ್ನು ಬಿಟ್ಟು, 20 ಡಿಗ್ರಿಯ ತಣ್ಣೀರನ್ನು ಗೀಸರಿನಲ್ಲಿ ಮೊದಲಿನಿಂದ ಕಾಯಿಸುತ್ತಾರೆ. ಆ 35 ಡಿಗ್ರಿಯ ನೀರನ್ನೇ ಗೀಸರಿನ ಒಳಕ್ಕೆ ಕೊಟ್ಟರೆ ಉಳಿದ ಏಳು ಡಿಗ್ರಿಗೆ ಮಾತ್ರ ಕರೆಂಟು. ಬಕೆಟ್ಟಿಗೆ ಅರ್ಧ ಯೂನಿಟ್ ಬದಲು ಒಂದು ಯೂನಿಟ್ಟಿನ ಆರನೇ ಒಂದು ಪಾಲು. ಆದರೆ ಬೇಸಿಗೆಯಲ್ಲಿ ಸೋಲಾರ್ ನೀರು 70 ಡಿಗ್ರಿಯನ್ನೂ ಮುಟ್ಟುತ್ತದೆ. ಎಲ್ಲ ಗೀಸರುಗಳೂ ಅಷ್ಟು ಬಿಸಿಯನ್ನು ಒಳಗೆ ತಡೆಯಲಾರವು, ಇನ್‌ಸ್ಟಂಟ್ ಗೀಸರಿಗಂತೂ ಬೇಡವೇ ಬೇಡ. ಗೀಸರಿನ ಕೈಪಿಡಿ ನೋಡಿ, ಬೇಕಾದಾಗ ಸೋಲಾರ್ ನೀರು ಗೀಸರಿಗೆ ಹೋಗದೆ ನೇರ ನಲ್ಲಿಗೆ ಬರುವಂತೆ ಬೈಪಾಸ್ ವಾಲ್ವ್ ಇಟ್ಟು, ಅನುಭವ ಇರುವ ಪ್ಲಂಬರ್ ಕೈಯಲ್ಲೇ ಮಾಡಿಸಬೇಕು.

"ಹಾಗಾದರೆ ಕಾಯಿಲ್ ಕಿತ್ತುಹಾಕಲಾ?" ಎಂದೂ ಕೇಳುತ್ತಾರೆ. ಬೇಡ. ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ವಾರವಿಡೀ ಮೋಡ ಕವಿದಾಗ, ಮನೆ ತುಂಬ ನೆಂಟರಿದ್ದಾಗ ಬೇಕಾಗುತ್ತದೆ. 2000 ವ್ಯಾಟಿನ ಕಾಯಿಲ್ ಒಂದು ಗಂಟೆಯಲ್ಲಿ 200 ಲೀಟರನ್ನು ಎಂಟೂವರೆ ಡಿಗ್ರಿಯಷ್ಟು ಏರಿಸುತ್ತದೆ. ನೀರು ಉಗುರುಬೆಚ್ಚಗಿದ್ದರೆ ಬೆಳಗಿನ ಜಾವ ಒಂದು ಗಂಟೆ ಹೊತ್ತು ಹಾಕಿದರೆ ಸಾಕು, ರಾತ್ರಿಯಿಡೀ ಬೇಕಿಲ್ಲ. ಮರೆವು ಇರುವ ಮನೆಗೆ 16 ಆಂಪ್ಸಿನ ಟೈಮರ್ ಹಾಕಿಕೊಡುತ್ತೇನೆ. ಅದನ್ನು ಹಾಕುವ ಮುನ್ನ ತಾರಸಿಯ ವೈರಿನ ಇನ್ಸುಲೇಷನ್ನನ್ನೂ ಅರ್ಥಿಂಗನ್ನೂ ಪರೀಕ್ಷೆ ಮಾಡಿಸಿ. ಬಿಸಿಲು ಮಳೆಗೆ ಸಿಕ್ಕಿದ ವೈರು ಒಡೆದಿರುತ್ತದೆ. ಬಿಸಿನೀರಿನ ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ ಬೋರ್ಡಿನಲ್ಲಿ ಕರೆಂಟು ಕಡಿದುಹಾಕುವ ಎಂಸಿಬಿ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಬಾತ್‌ರೂಮಿಗೆ ಯಾರನ್ನೂ ಬಿಡಬೇಡಿ.