ಬಾರ್ಡರ್ ಶುಗರ್‌ಗೂ ಅಂಗಾಲು ಉರಿಗೂ ಏನು ನಂಟು?

ಉಡುಪಿಯ ಲ್ಯಾಬುಗಳ ಹೊರಗೆ ಕೇಳಿಸುವ ಮಾತು ಇದು: "ಶುಗರ್ ಇಲ್ಲ ಮಾರಾಯ್ರೆ, ಬಾರ್ಡರಲ್ಲಿ ಉಂಟು ಅಷ್ಟೆ." ಖಾಲಿ ಹೊಟ್ಟೆಯದ್ದು 112 ಅಂತ ಬರೆದ ಚೀಟಿ ಮಡಚಿ ಕಿಸೆಗೆ ಹೋಗುತ್ತದೆ, ಎದುರಿನ ಹೋಟೆಲಲ್ಲಿ ಬನ್ಸ್, ಚಾ. ರಾತ್ರಿ ಅಂಗಾಲು ಉರಿದರೆ, ಬೆರಳ ತುದಿ ಜುಮ್ಮೆಂದರೆ, ಹೊದಿಕೆ ತಾಗಿದರೂ ಕಿರಿಕಿರಿಯಾದರೆ "ವಾಯು" ಅಂತ ಎಣ್ಣೆ ತಿಕ್ಕುವುದು.

ಈ ಬಾರ್ಡರ್ ಎಳೆದದ್ದು ಯಾರು? 1997ರವರೆಗೆ ಖಾಲಿ ಹೊಟ್ಟೆಯಲ್ಲಿ 140 ಮುಟ್ಟಿದರೆ ಸಕ್ಕರೆ ಕಾಯಿಲೆ. ಆ ವರ್ಷ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಅದನ್ನು 126ಕ್ಕೆ ಇಳಿಸಿತು, 110ರಿಂದ 125ರವರೆಗಿನವರನ್ನು ಬೇರೆ ಗುಂಪು ಮಾಡಿತು. 2003ರಲ್ಲಿ ಆ 110 ಕೂಡ 100 ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ 110ರಲ್ಲೇ ನಿಂತಿದೆ. ತಮಾಷೆ ಏನೆಂದರೆ 126ರ ಗೆರೆ ಹುಟ್ಟಿದ್ದು ಮುಖ್ಯವಾಗಿ ಕಣ್ಣು ನೋಡಿ, ಅಂದರೆ ಯಾವ ಮಟ್ಟದಿಂದ ಕಣ್ಣಿನ ಪರದೆಗೆ ಏಟು ಜಾಸ್ತಿಯಾಗುತ್ತದೆ ಅಂತ ಲೆಕ್ಕ ಹಾಕಿ. ಕಾಲಿನ ನರವನ್ನು ಯಾರೂ ವಿಚಾರಿಸಲಿಲ್ಲ.

ವಿಚಾರಿಸಿದ್ದು 2001ರ ಹೊತ್ತಿಗೆ. ಅಮೆರಿಕದ ಯೂಟಾದ ನರವೈದ್ಯರು, ಕಾರಣವೇ ಸಿಗದೆ ಕಾಲು ಉರಿಯುತ್ತಿದ್ದವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ರಕ್ತ ನೋಡಿದರು. ಬಹಳ ಜನರದ್ದು 140ರಿಂದ 199ರ ನಡುವೆ, ಅಂದರೆ ಈ 2 ಗಂಟೆಯ ಟೆಸ್ಟಿನ ಬಾರ್ಡರಲ್ಲಿ! 2008ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನ ಸಮೀಕ್ಷೆಯಲ್ಲಿ ನರದ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ 28%, ಈ ನಡುವಿನವರಲ್ಲಿ 13%, ಸರಿಯಿದ್ದವರಲ್ಲಿ 7.4% ಕಂಡಿತು.

ಇಷ್ಟು ದಿನ ಯಾಕೆ ತಪ್ಪಿಹೋಯಿತು ಅಂದರೆ, ಮೊದಲು ಸೊರಗುವುದು ಉರಿ, ನೋವು, ಬಿಸಿ-ತಂಪು ತಿಳಿಸುವ ತೆಳು ನರದ ಎಳೆಗಳು. ಕರೆಂಟ್ ಕೊಟ್ಟು ಮಾಡುವ ನರದ ಟೆಸ್ಟ್ ಅಳೆಯುವುದು ದಪ್ಪ ಎಳೆಗಳನ್ನು, ಹಾಗಾಗಿ ರಿಪೋರ್ಟ್ ನಾರ್ಮಲ್. ಪಾಪ, ರೋಗಿಗೆ "ಸುಮ್ನೆ ಟೆನ್ಶನ್" ಅಂತ ಹೇಳಿ ಕಳಿಸುತ್ತಾರೆ. ತೆಳು ಎಳೆ ನೋಡಬೇಕಾದರೆ ಕಾಲಿನ ಚರ್ಮದಿಂದ 3 ಮಿಲಿಮೀಟರ್ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಎಣಿಸಬೇಕು. ಹೀಗೆ ಎಣಿಸಿಯೇ 2006ರಲ್ಲಿ, ಒಂದು ವರ್ಷ ಊಟ-ವ್ಯಾಯಾಮ ತಿದ್ದಿಕೊಂಡವರಲ್ಲಿ ಎಳೆಗಳು ಸ್ವಲ್ಪ ಮತ್ತೆ ಚಿಗುರಿದ್ದು ಕಂಡಿತು, ನೋವೂ ಇಳಿಯಿತು.

ಎಲ್ಲರೂ ಒಪ್ಪಿಲ್ಲ. ಮಿನ್ನೆಸೋಟದ 2012ರ ಅಧ್ಯಯನಕ್ಕೆ ಈ ಗುಂಪಿನಲ್ಲಿ ನರದ ತೊಂದರೆ ಜಾಸ್ತಿ ಸಿಗಲಿಲ್ಲ. ಸಕ್ಕರೆಗಿಂತ ಹೊಟ್ಟೆಯ ಬೊಜ್ಜು, ರಕ್ತದ ಕೊಬ್ಬೇ ದೊಡ್ಡ ಕಾರಣ ಅನ್ನುವವರೂ ಇದ್ದಾರೆ. ನನಗೆ ಎರಡೂ ಸೇರಿಯೇ ಕೆಲಸ ಮಾಡುತ್ತವೆ ಅನ್ನಿಸುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾದರೂ ಇದೇ ಉರಿ, ಅದನ್ನೂ ನೋಡಿಸಬೇಕು. ಖಾಲಿ ಹೊಟ್ಟೆಯದ್ದು ಸರಿಯಿದ್ದೂ ಗ್ಲೂಕೋಸ್ ಕುಡಿದ ಮೇಲೆ 160 ಬರುವವರಿದ್ದಾರೆ. ಕಾಲು ಉರಿಯುವವರು ಡಾಕ್ಟರ ಹತ್ತಿರ ಆ 2 ಗಂಟೆಯ ಟೆಸ್ಟ್ ಬೇಕಾ ಅಂತ ಕೇಳಬಹುದು.