ಮಾವಳ್ಳಿಪುರದ ಗುಡ್ಡದಿಂದ ಅಡುಗೆಮನೆಯ ಡಬ್ಬಕ್ಕೆ

‘ಹುಳ ಬಂದಿದೆ, ಏನ್ ಮಾಡ್ಲಿ?’

ಬೆಂಗಳೂರಿನ ಯಾವ ಬಡಾವಣೆಯ ಕಾಂಪೋಸ್ಟ್ ವಾಟ್ಸ್ಆ್ಯಪ್ ಗುಂಪು ತೆರೆದರೂ ಆಗಾಗ ಈ ಪ್ರಶ್ನೆ ಕಣ್ಣಿಗೆ ಬೀಳುತ್ತದೆ. ಜೊತೆಗೊಂದು ಫೋಟೊ: ಬಾಳೆಹಣ್ಣಿನ ಸಿಪ್ಪೆ, ಡಿಕಾಕ್ಷನ್ ಚರಟ, ಹುರುಳಿಕಾಯಿ ನಾರಿನ ಮಧ್ಯೆ ಮಿಜಿಮಿಜಿ ಎನ್ನುವ ಕಂದು ಹುಳಗಳು. ಉತ್ತರ ಪ್ರತಿ ಸಲವೂ ಅದೇ. ‘ಗಾಬರಿ ಬೇಡ ಮೇಡಂ, ನೀರಿನಂಶ ಜಾಸ್ತಿ ಆಗಿದೆ. ಎರಡು ಹಿಡಿ ಒಣ ಎಲೆ ಹಾಕಿ ಕಲಸಿ ಮುಚ್ಚಿಡಿ.’

ಇಂಥ ಮಾತುಕತೆಗೆ ಈಗ ‘ನಗರದ ಇಂಗಾಲದ ಹೆಜ್ಜೆಗುರುತು ತಗ್ಗಿಸುವ ಕೆಲಸ’, ಅಂದರೆ ಭೂಮಿ ಬಿಸಿ ಮಾಡುವ ಅನಿಲಗಳನ್ನು ನಗರ ಕಡಿಮೆ ಉಗುಳುವಂತೆ ಮಾಡುವ ಕೆಲಸ, ಎಂಬ ದೊಡ್ಡ ಹೆಸರು ಬಂದಿದೆ. ಆದರೆ ಇದನ್ನು ಇಂಗಾಲದ ಚಿಂತೆಯಿಂದ ಶುರು ಮಾಡಿದವರು ಕಡಿಮೆ. ಶುರುವಾದದ್ದು ನಾತದಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಪಟ್ಟಣದವರ ನಾತವನ್ನು ನಾವೇಕೆ ಉಣ್ಣಬೇಕು ಎಂದು ಹಳ್ಳಿಯವರು ತಿರುಗಿ ನಿಂತದ್ದರಿಂದ.

ಒಂದು ಕಾಲಕ್ಕೆ ಊರಿನ ಕಸ ಯಾರಿಗೂ ಭಾರವಾಗಿರಲಿಲ್ಲ. ಸಿಪ್ಪೆ, ಸಗಣಿ, ಒಲೆಯ ಬೂದಿ ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆಯ ಗೊಬ್ಬರ ಗಾಡಿ ಹತ್ತಿ ಹೊಲಕ್ಕೆ. ಪ್ಲಾಸ್ಟಿಕ್ ಬಂದ ಮೇಲೆ ಈ ಲೆಕ್ಕ ತಪ್ಪಿತು. ಕವರ್ ಸಿಕ್ಕಿಕೊಂಡ ಗೊಬ್ಬರ ಯಾವ ರೈತನಿಗೆ ಬೇಕು? 1975ರಲ್ಲೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತ್ತು, ಆದರೆ ಊರು ಬೆಳೆದ ವೇಗಕ್ಕೆ ಅದರ ಶಕ್ತಿ ಎಲ್ಲಿ ಸಾಕಾದೀತು? ಆಮೇಲಾಮೇಲೆ ನಿಗಮದ ಗೊಬ್ಬರ ಘಟಕದ ಸುತ್ತಲೇ ಬಡಾವಣೆಗಳು ಎದ್ದು, ವಾಸನೆ ತಡೆಯಲಾರೆವು ಎಂದು ಅಲ್ಲಿಯ ನಿವಾಸಿಗಳೂ ಬೀದಿಗಿಳಿದರು.

ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಫಲವಾಗಿಯೇ 2000ದಲ್ಲಿ ದೇಶಕ್ಕೆಲ್ಲ ನಗರ ಘನತ್ಯಾಜ್ಯ ನಿಯಮಗಳು ಬಂದವು. ಅದೇ ಹೊತ್ತಿಗೆ ಇಲ್ಲಿ ಬೀದಿಯ ತೊಟ್ಟಿಗಳನ್ನು ತೆಗೆದು, ತಳ್ಳುಗಾಡಿಯಲ್ಲಿ ಮನೆಮನೆಯಿಂದ ಕಸ ಎತ್ತುವ ‘ಸ್ವಚ್ಛ ಬೆಂಗಳೂರು’ ಪದ್ಧತಿ ಶುರುವಾಯಿತು. ಬೀದಿ ನೋಡಲು ಚೊಕ್ಕಟವಾಯಿತು ನಿಜ. ಆದರೆ ತಳ್ಳುಗಾಡಿಯಿಂದ ಲಾರಿಗೆ, ಲಾರಿಯಿಂದ ಊರಾಚೆಗೆ ಹೋದದ್ದು ಅದೇ ಕಲಬೆರಕೆ ಕಸ. ಕಣ್ಣಿಗೆ ಮರೆಯಾದದ್ದನ್ನೇ ನಾವು ಸ್ವಚ್ಛತೆ ಎಂದುಕೊಂಡೆವು.

ಯಲಹಂಕದ ಆಚೆಗಿನ ಮಾವಳ್ಳಿಪುರದಲ್ಲಿ ಅದು ಗುಡ್ಡವಾಗಿ ಬೆಳೆಯುತ್ತಿತ್ತು. ‘ಕಸದಿಂದ ರಸ’ ಎಂದು ನಮ್ಮಲ್ಲಿ ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಮಾವಳ್ಳಿಪುರದ ಗುಡ್ಡದಿಂದಲೂ ರಸ ಹರಿಯಿತು, ಕಪ್ಪಗೆ. ಬಾವಿ, ಕೊಳವೆಬಾವಿಗಳ ನೀರು ಕೆಟ್ಟಿತೆಂದು ಊರಿನವರು ವರ್ಷಗಟ್ಟಲೆ ದೂರಿದರು, ಲಾರಿ ತಡೆದರು. ಕೊನೆಗೆ 2012ರ ಜುಲೈನಲ್ಲಿ ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶಿಸಿತು. ನೋಡನೋಡುತ್ತಲೇ ಬೆಂಗಳೂರಿನ ಬೀದಿ ತಿರುವುಗಳಲ್ಲಿ ರಾಶಿ ಬಿತ್ತು. ‘ಗಾರ್ಡನ್ ಸಿಟಿ’ ‘ಗಾರ್ಬೇಜ್ ಸಿಟಿ’ ಆಯಿತೆಂದು ಪತ್ರಿಕೆಗಳು ಬರೆದವು. ಬೆಂಗಳೂರು ಪೂರ್ವದ ಮಂಡೂರಿನಲ್ಲೂ ಇದೇ ಕಥೆ ನಡೆಯಿತು. ಅಲ್ಲಿಯವರ ಹೋರಾಟಕ್ಕೆ ಮಣಿದು 2014ರ ಕೊನೆಗೆ ಸರ್ಕಾರ ಅಲ್ಲಿಗೆ ಕಸ ಕಳಿಸುವುದನ್ನು ನಿಲ್ಲಿಸಬೇಕಾಯಿತು.

ಕಸ ವಿಂಗಡಣೆಯ ಸ್ವಯಂಸೇವಕರ ಕಥೆ ಬರೆಯುವವರು ಹಳ್ಳಿಯವರ ಹೋರಾಟದ ಈ ಭಾಗವನ್ನು ಎರಡು ಸಾಲಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸ್ವಯಂಸೇವಕರ ಚಳವಳಿ ಲಾರಿ ನಿಲ್ಲುವುದಕ್ಕೂ ಮುಂಚೆಯೇ ಇತ್ತು ನಿಜ. ಮನೆಯಲ್ಲಿ ಗೊಬ್ಬರ ಮಾಡಲು ಮೂರಂತಸ್ತಿನ ಮಣ್ಣಿನ ಮಡಕೆ ‘ಖಂಬ’ವನ್ನು ‘ಡೈಲಿ ಡಂಪ್’ ಎಂಬ ಸಂಸ್ಥೆ 2006ರಿಂದಲೇ ಮಾರುತ್ತಿತ್ತು. ಬೇರೆಬೇರೆ ಬಡಾವಣೆಗಳಲ್ಲಿ ತಮ್ಮಷ್ಟಕ್ಕೆ ಕಸ ವಿಂಗಡಿಸುತ್ತಿದ್ದವರು 2009ರಲ್ಲಿ ‘ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್ ರೌಂಡ್ ಟೇಬಲ್’ ಎಂಬ ಬಳಗ ಕಟ್ಟಿಕೊಂಡಿದ್ದರು. ಆದರೆ ಅವರ ಮಾತನ್ನು ಊರು ಕಿವಿಗೊಟ್ಟು ಕೇಳಿದ್ದು ಲಾರಿ ನಿಂತ ಮೇಲೆಯೇ.

2012ರ ಅಕ್ಟೋಬರ್ 1ರಿಂದ ವಿಂಗಡಣೆ ಕಡ್ಡಾಯವೆಂದು ಪಾಲಿಕೆ ಸಾರಿತು. ಹೈಕೋರ್ಟಿನಲ್ಲಿ ನಗರದ ಕಸದ ಕುರಿತ ವಿಚಾರಣೆ ನಡೆಯುತ್ತಲೇ ಇತ್ತು. 2015ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ‘2ಬಿನ್1ಬ್ಯಾಗ್’ ಪದ್ಧತಿಯನ್ನು ಇಡೀ ನಗರಕ್ಕೆ ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು ಡಯಾಪರ್‌ನಂಥವಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಇದು ಯಾವುದೋ ಕಚೇರಿಯಲ್ಲಿ ಕೂತು ಹೊಸೆದದ್ದಲ್ಲ, ಸ್ವಯಂಸೇವಕರು ತಮ್ಮ ಬಡಾವಣೆಗಳಲ್ಲಿ ಮಾಡಿ ನೋಡಿದ್ದ ಪದ್ಧತಿ.

ಆದೇಶವೇನೋ ಬಂತು, ಬಾಗಿಲಿಗೆ ಹೋಗುವವರು ಯಾರು? ಬೆಳಿಗ್ಗೆ ಏಳಕ್ಕೆ ಆಟೊ ಟಿಪ್ಪರ್ ಹಾಡು ಹಾಕಿಕೊಂಡು ಬರುವ ಹೊತ್ತಿಗೆ ಬಡಾವಣೆಯ ಇಬ್ಬರು ಮೂವರು, ಬಹುಪಾಲು ಗೃಹಿಣಿಯರು ಮತ್ತು ನಿವೃತ್ತರು, ಕೈಗವಸು ಹಾಕಿಕೊಂಡು ಗಾಡಿಯ ಪಕ್ಕ ನಿಲ್ಲುತ್ತಿದ್ದರು. ಕೊಟ್ಟವರ ಎದುರೇ ಡಬ್ಬ ಬಿಚ್ಚಿ, ಸಾರಿನ ತಪ್ಪಲೆ ಬಗ್ಗಿಸಿದಂತೆ ಬಗ್ಗಿಸಿ, ಅದರೊಳಗಿನ ಹಾಲಿನ ಕವರನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುವುದು. ‘ಇದನ್ನ ತೊಳೆದು ಚೀಲಕ್ಕೆ ಹಾಕ್ಬೇಕಲ್ವಾ ಆಂಟಿ?’ ಬೈಸಿಕೊಂಡವರು ಎಷ್ಟೋ ಮಂದಿ. ‘ತೆರಿಗೆ ಕಟ್ಟಲ್ವೇನ್ರಿ ನಾವು? ಆ ಕಸದವರು ಏನಕ್ಕಿದಾರೆ?’ ಎಂಬುದು ಎಲ್ಲ ಬೀದಿಗಳಲ್ಲೂ ಕೇಳಿಬರುವ ಮಾತು.

‘ಆ ಕಸದವರು’ ಎಂಬ ಮಾತಿಗೆ ಉತ್ತರವೂ ಇದೇ ಹೊತ್ತಿನಲ್ಲಿ ರೂಪುಗೊಳ್ಳುತ್ತಿತ್ತು. ಚಿಂದಿ ಆಯುವವರು ಸಂಬಳವಿಲ್ಲದೆ, ಪೊಲೀಸರ ಕಣ್ಣಿಗೆ ಕಳ್ಳರಾಗಿ, ದಶಕಗಳಿಂದ ಊರಿನ ಒಣ ಕಸವನ್ನು ಗುಜರಿಗೆ ಮುಟ್ಟಿಸುತ್ತ ಬಂದಿದ್ದವರು. 2011ರಲ್ಲಿ ಲೋಕ ಅದಾಲತ್‌ನ ಆದೇಶದ ಮೇಲೆ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗುವಂತಾಯಿತು. ‘ಹಸಿರು ದಳ’ ಎಂಬ ಸಂಸ್ಥೆ ಅವರನ್ನು ಸಂಘಟಿಸಿತು. ವಾರ್ಡಿಗೊಂದು ಒಣ ಕಸ ಸಂಗ್ರಹ ಕೇಂದ್ರ ತೆರೆಯುತ್ತ ಹೋದಂತೆ, ಬೀದಿಯಲ್ಲಿ ಆಯುತ್ತಿದ್ದ ಕೆಲವರು ಆ ಕೇಂದ್ರಗಳನ್ನೇ ನಡೆಸುವವರಾದರು.

ಇನ್ನು ಇಂಗಾಲದ ಲೆಕ್ಕ. ಬೆಂಗಳೂರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಅದನ್ನು ಕಲ್ಲುಗಣಿಯಂಥ ಆಳದ ಗುಂಡಿಗೆ ಸುರಿದು ಮೇಲೆ ಮಣ್ಣು ಮುಚ್ಚಿದರೆ ಗಾಳಿಯಾಡದೆ ಕೊಳೆತು ಮೀಥೇನ್ ಅನಿಲ ಹೊಮ್ಮುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ ಕೊಟ್ಟಿರುವ ಸೂತ್ರ ಹಿಡಿದು ನಾನು ಗುಣಿಸಿ ನೋಡಿದೆ. ಒಂದು ಮನೆಯಿಂದ ದಿನಕ್ಕೆ ಅರ್ಧ ಕೆಜಿ ಹಸಿ ಕಸವೆಂದರೆ ವರ್ಷಕ್ಕೆ 180 ಕೆಜಿ ದಾಟುತ್ತದೆ. ಅಷ್ಟೂ ಆಳದ ಗುಂಡಿಯಲ್ಲಿ ಕೊಳೆತರೆ ಹೆಚ್ಚೆಂದರೆ 9 ಕೆಜಿ ಮೀಥೇನ್, ಅಂದರೆ ಸುಮಾರು 250 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಸ್ಕೂಟರಿಗೆ ನೂರಕ್ಕೂ ಹೆಚ್ಚು ಲೀಟರ್ ಪೆಟ್ರೋಲ್ ಹಾಕಿ ಸುಟ್ಟಂತೆ. ಇದು ಗರಿಷ್ಠ ಲೆಕ್ಕ, ಎಲ್ಲ ಗುಂಡಿಯಲ್ಲೂ ಇಷ್ಟೇ ಹುಟ್ಟುವುದಿಲ್ಲ. ಗಾಳಿಯಾಡುವ ಡಬ್ಬದಲ್ಲೂ ಒಂದಿಷ್ಟು ಮೀಥೇನ್ ಹೊರಡಬಹುದು. ಆದರೂ ಅಂತರ ದೊಡ್ಡದು. ವಾಟ್ಸ್ಆ್ಯಪ್ ಗುಂಪಿನ ‘ಒಣ ಎಲೆ ಹಾಕಿ ಕಲಸಿ’ ಎಂಬ ಸಲಹೆಯ ಗುಟ್ಟೂ ಇದೇ: ಕಲಸಿದಾಗ ಒಳಗೆ ಗಾಳಿ ಹೋಗುತ್ತದೆ, ಎಲೆ ಹೆಚ್ಚಿನ ನೀರು ಹೀರುತ್ತದೆ.

2023ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹವಾಮಾನ ಕ್ರಿಯಾ ಯೋಜನೆ ಬಂತು, 2050ಕ್ಕೆ ‘ನೆಟ್ ಝೀರೊ’, ಅಂದರೆ ಉಗುಳಿದಷ್ಟು ಇಂಗಾಲವನ್ನು ಹೀರಿ ಸರಿದೂಗಿಸುವ ಗುರಿ ಇಟ್ಟುಕೊಂಡಿತು. ಅದರಲ್ಲಿ ಕಸಕ್ಕೂ ಒಂದು ಅಧ್ಯಾಯವಿದೆ. ಮಡಕೆಯಲ್ಲಿ ಸಿಪ್ಪೆ ಕಲಸುತ್ತಿದ್ದವರಿಗೆ ತಾವು ಹವಾಮಾನದ ಕೆಲಸ ಮಾಡುತ್ತಿದ್ದೇವೆಂದು ಸರ್ಕಾರದ ಕಾಗದ ತಿಳಿಸಿತು ಎನ್ನಬಹುದು.

ಹಾಗೆಂದು ಊರು ಗೆದ್ದಿಲ್ಲ. ವಿಂಗಡಿಸಿ ಕೊಟ್ಟ ಕಸ ಗಾಡಿಯಲ್ಲಿ ಮತ್ತೆ ಒಂದಾಗುವುದನ್ನು ನಾನೇ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅವತ್ತು ಸಂಜೆ ನಮ್ಮ ಮನೆಯಲ್ಲೂ ‘ಇಷ್ಟೆಲ್ಲ ಯಾಕೆ’ ಎಂಬ ಮಾತು ಬಂತು. ರಾತ್ರಿ ಬೈಕಿನಲ್ಲಿ ಬಂದು ಕವರ್ ಎಸೆದು ಹೋಗುವ ‘ಬ್ಲ್ಯಾಕ್ ಸ್ಪಾಟ್’ಗಳಿಗೆ ರಂಗೋಲಿ ಹಾಕಿ, ಗಿಡದ ಕುಂಡ ಇಟ್ಟು ಕಾಯುವವರಿಗೆ ಕುಂಡವೇ ಕಳುವಾಗುವ ಅನುಭವವೂ ಇದೆ. ಮಾವಳ್ಳಿಪುರದಲ್ಲಿ ಲಾರಿ ನಿಂತರೂ ಸುರಿದ ಕಸ ಮಾಯವಾಗಲಿಲ್ಲ. ಈಚೆಗೆ ಉತ್ತರ ದಿಕ್ಕಿನ ಮಿಟ್ಟಗಾನಹಳ್ಳಿಯ ಕಲ್ಲುಗಣಿಯತ್ತ ಕಸ ಅದುಮಿ ತುಂಬುವ ಲಾರಿಗಳಾದ ಕಾಂಪ್ಯಾಕ್ಟರ್‌ಗಳು ಹೋಗತೊಡಗಿದವು, ಅಲ್ಲಿಯ ಸುತ್ತಲಿನವರದೂ ಅದೇ ದೂರು.

ಈ ಗುಂಪುಗಳಲ್ಲಿ ಎಲ್ಲರೂ ಕಾಯುವ ಕಾಲವೊಂದಿದೆ, ಮಾಘ ಫಾಲ್ಗುಣದ ಎಲೆ ಉದುರುವ ತಿಂಗಳು. ಮೊದಲೆಲ್ಲ ಬೆಳಗಾಗುವುದರೊಳಗೆ ಬೀದಿಬದಿಯಲ್ಲಿ ಎಲೆರಾಶಿಗೆ ಬೆಂಕಿ ಬಿದ್ದು ಹೊಗೆ ಏಳುತ್ತಿತ್ತು. ಈಗ ಕೆಲವು ರಸ್ತೆಗಳಲ್ಲಿ ತಂತಿಬಲೆಯ ಗೂಡುಗಳಿವೆ, ಎಲೆ ಅದರೊಳಗೆ ಹೋಗುತ್ತದೆ. ಇನ್ನು ಕೆಲವೆಡೆ ಎಲೆಗೇ ಪೈಪೋಟಿ. ಪೊರಕೆ ಹಿಡಿದ ಪೌರಕಾರ್ಮಿಕರ ಹಿಂದೆ ಅಕ್ಕಿ ಚೀಲ ಹಿಡಿದುಕೊಂಡು ಒಬ್ಬರು ಓಡಿ ಬರುತ್ತಾರೆ: ‘ಅಕ್ಕಾ, ಸುಡಬೇಡಿ, ಇದಕ್ಕೆ ತುಂಬಿ. ಮನೆಯಲ್ಲಿ ಹುಳ ಬಂದಿದೆ.’