ಮೊದಲ ಪಂಕ್ತಿಯ ವೇಗ

ಶಿರಸಿಯ ನನ್ನ ಭಾವನಿಗೆ ಯಕ್ಷಗಾನ ರೆಕಾರ್ಡಿಂಗ್ ಹುಚ್ಚು. ಇಡೀ ರಾತ್ರಿಯ ಆಟ ಇದೆ ಎಂದರೆ ಮೂರು ಕ್ಯಾಮೆರಾ ಹೊತ್ತುಕೊಂಡು ಹೊರಟೇಬಿಡುತ್ತಾನೆ. ಮೊನ್ನೆ ಫೈಲುಗಳನ್ನು ಕೂಡಿಡುವ ದುಬಾರಿ ಎಸ್‌ಎಸ್‌ಡಿ ಒಂದನ್ನು ತರಿಸಿ ಲ್ಯಾಪ್‌ಟಾಪಿಗೆ ಹಾಕಿಸಿದ. 2 ಟಿಬಿಯದು. ಡಬ್ಬದ ಮೇಲೆ ಸೆಕೆಂಡಿಗೆ 7,000 ಎಂಬಿ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕ್ಯಾಮೆರಾ ಕಾರ್ಡಿನಿಂದ ಒಂದು ಫೈಲ್ ಕಾಪಿ ಮಾಡಿ ನೋಡಿದ. 90 ಬಂತು. ತಕ್ಷಣ ನನಗೆ ಫೋನ್. "ಏಳು ಸಾವಿರ ಹೇಳಿ ಬರದ್ದ ಮಾರಾಯಾ, ಇಲ್ಲಿ ತೊಂಬತ್ತು ದಾಟ್ತಾ ಇಲ್ಲೆ. ಎಂತ ಮೋಸ ಇದು!"

ಮೋಸ ಏನೂ ಇರಲಿಲ್ಲ. ಅವನ ಕಾರ್ಡು ಯುಎಚ್‌ಎಸ್-1 ಜಾತಿಯದು. ಆ ದಾರಿಯ ಮಿತಿಯೇ ಸೆಕೆಂಡಿಗೆ 104 ಎಂಬಿ. ದೇವಿಮನೆ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡ ಮೇಲೆ ಕಾರು ಯಾವುದಾದರೇನು? ಇಷ್ಟು ಹೇಳಿ ಫೋನ್ ಇಡಬಹುದಿತ್ತು. ಆದರೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ಹಾಗಾದರೆ ಆ 7,000 ಎನ್ನುವುದು ನಿಜವೇ? ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಬಾ ಎಂದೆ.

ಬಂದವನು ಮೊದಲು ಮಾಡಿದ್ದು ಡೆಸ್ಕ್‌ಟಾಪಿನ ಮೇಲೆ ಐದಾರು ಸಲ ರಿಫ್ರೆಶ್ ಒತ್ತಿದ್ದು. "ಸಿಸ್ಟಮ್ ಫ್ರೀ ಆಗ್ತು" ಅಂತೆ. ಇದೊಂದು ನಮ್ಮ ಕಾಲದ ಮಡಿ. ರಿಫ್ರೆಶ್ ಒತ್ತಿದರೆ ಪರದೆಯ ಮೇಲಿನ ಐಕಾನ್‌ಗಳನ್ನು ಇನ್ನೊಮ್ಮೆ ಬಿಡಿಸುತ್ತದೆ, ಅಷ್ಟೇ. ಮೆಮೊರಿ ಖಾಲಿಯಾಗುವುದಿಲ್ಲ, ವೇಗ ಹೆಚ್ಚುವುದೂ ಇಲ್ಲ. ಎರಡನೆಯದು, "2 ಟಿಬಿ ಕೊಟ್ಟವರು 1.81 ಮಾತ್ರ ಕೊಟ್ಟಿದ್ದಾರೆ" ಎಂಬ ದೂರು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಅಡಿಯಲ್ಲಿ ಅಳೆದದ್ದನ್ನು ಗಜದಲ್ಲಿ ಹೇಳಿದರೆ ಜಾಗ ಕಡಿಮೆಯಾಗುತ್ತದೆಯೇ?

ಇನ್ನು ಪರೀಕ್ಷೆ. ಎಲ್ಲರೂ ಬಳಸುವ ಕ್ರಿಸ್ಟಲ್ ಡಿಸ್ಕ್ ಮಾರ್ಕ್ ಓಡಿಸಿದೆವು. ಓದುವ ವೇಗ 7,000ದ ಆಸುಪಾಸು, ಬರೆಯುವ ವೇಗ 6,500. ಭಾವನ ಮುಖ ಅರಳಿತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಏಕೆಂದರೆ ಆ ಪ್ರೋಗ್ರಾಮು ನಾವು ಬೇರೆ ಹೇಳದಿದ್ದರೆ ಬರೀ 1 ಜಿಬಿಯ ಫೈಲನ್ನು ಇಟ್ಟುಕೊಂಡು ಪರೀಕ್ಷಿಸುತ್ತದೆ. ಭಾವನ ಒಂದು ರಾತ್ರಿಯ ಆಟ ಎಷ್ಟು? 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಎಂದುಕೊಳ್ಳಿ, ಅಂದರೆ 12.5 ಎಂಬಿ. ಗಂಟೆಗೆ 45 ಜಿಬಿ. ಎಂಟು ಗಂಟೆ, ಮೂರು ಕ್ಯಾಮೆರಾ. ಒಟ್ಟು 1,080 ಜಿಬಿ. ಸಾವಿರ ಜಿಬಿ ಹೊರಬೇಕಾದವನನ್ನು ಒಂದು ಜಿಬಿ ಹೊರಿಸಿ ಪಾಸು ಮಾಡಿದ ಹಾಗಾಯಿತು.

ಒಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡೋಣ. ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತು ಯಾವುದೂ ಇಲ್ಲ. ಸುತ್ತಲೂ ನಿರೋಧಕ ಪದರ ಇರುವ ಪುಟ್ಟ ಕೋಣೆಗಳಿವೆ. ಕೋಣೆಯೊಳಗೆ ಎಲೆಕ್ಟ್ರಾನುಗಳನ್ನು ತಳ್ಳಿ ಕೂಡಿಟ್ಟರೆ ಅದೇ ನೆನಪು. ಕರೆಂಟು ಹೋದರೂ ಅವು ಹೊರಬರುವುದಿಲ್ಲ. ಈ ಉಪಾಯವನ್ನು 1967ರಲ್ಲಿ ಬೆಲ್ ಲ್ಯಾಬ್ಸ್‌ನ ಡಾವನ್ ಕಾಂಗ್ ಮತ್ತು ಸೈಮನ್ ಝೀ ತೋರಿಸಿಕೊಟ್ಟರು. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕ ಅದನ್ನು ಬೆಳೆಸಿ 1980ರ ದಶಕದಲ್ಲಿ ಫ್ಲ್ಯಾಶ್ ಮೆಮೊರಿ ಮಾಡಿದರು. ಈಗಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಮಾದರಿ 1987ರದ್ದು. ರಾಶಿ ರಾಶಿ ಕೋಣೆಗಳು ಒಂದೇ ಸಲಕ್ಕೆ ಅಳಿಸಿಹೋಗುವುದನ್ನು ಕಂಡು ಕ್ಯಾಮೆರಾ ಫ್ಲ್ಯಾಶ್ ನೆನಪಾಗಿ ಆ ಹೆಸರು ಸೂಚಿಸಿದ್ದು ಅವರ ಸಹೋದ್ಯೋಗಿ ಶೋಜಿ ಅರಿಯಿಜುಮಿ. ಒಂದೇ ಸಲ ಅಳಿಸುವ ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕಾಟ ಕೊಡುತ್ತದೆ.

ಎಲೆಕ್ಟ್ರಾನುಗಳು ಆ ಪದರವನ್ನು ದಾಟುವುದು ಕ್ವಾಂಟಮ್ ಟನೆಲಿಂಗ್‌ನಿಂದ. ಗೋಡೆ ಹತ್ತಲು ಬೇಕಾದ ಶಕ್ತಿ ಇಲ್ಲದಿದ್ದರೂ ಗೋಡೆಯ ಆಚೆ ಕಾಣಿಸಿಕೊಳ್ಳುವುದು. ಬಲವಾದ ವಿದ್ಯುತ್ ಕ್ಷೇತ್ರ ಇದ್ದಾಗ ಇದು ಹೇಗೆ ನಡೆಯುತ್ತದೆ ಎಂಬ ಲೆಕ್ಕವನ್ನು ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲೇ ಬರೆದಿಟ್ಟಿದ್ದರು. 'ಕ್ವಾಂಟಮ್ ಪದಕ' ಕೊರಳಿಗೆ ಹಾಕಿಕೊಂಡರೆ ಮಂಡಿನೋವು ಹೋಗುತ್ತದೆ ಎಂದು ಮಾರುವವರನ್ನು ಕಂಡಾಗ ನನಗೆ ಮೈ ಉರಿಯುತ್ತದೆ. ನಿಜವಾದ ಕ್ವಾಂಟಮ್ ಬೇಕಿದ್ದರೆ ಜೇಬಿನಲ್ಲಿರುವ ಪೆನ್‌ಡ್ರೈವ್ ಮುಟ್ಟಿ ನೋಡಿ!

ಒಂದು ಕೋಣೆಯಲ್ಲಿ ಎಲೆಕ್ಟ್ರಾನು ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಅದು ಒಂದು ಬಿಟ್. ಅದಕ್ಕೆ ಎಸ್‌ಎಲ್‌ಸಿ ಎನ್ನುತ್ತಾರೆ. ಅದೇ ಕೋಣೆಯಲ್ಲಿ ಮೂರು ಬಿಟ್ ತುಂಬಬೇಕಾದರೆ ಎಂಟು ಮಟ್ಟಗಳನ್ನು ಗುರುತಿಸಬೇಕು. ಅದು ಟಿಎಲ್‌ಸಿ, ಈಗಿನ ದುಬಾರಿ ಡ್ರೈವ್‌ಗಳೂ ಹೆಚ್ಚಾಗಿ ಇವೇ. ನಾಲ್ಕು ಬಿಟ್ ತುಂಬಿದರೆ ಹದಿನಾರು ಮಟ್ಟ. ಲೋಟಕ್ಕೆ ನೀರು ಹಾಕು ಎಂದರೆ ಒಂದೇ ಬಾರಿ ಸುರಿಯಬಹುದು. ಲೋಟದ ಎಂಟು ಗೀಟಿನಲ್ಲಿ ಐದನೆಯ ಗೀಟಿಗೆ ಸರಿಯಾಗಿ ಹಾಕು ಎಂದರೆ? ಸ್ವಲ್ಪ ಹಾಕಬೇಕು, ಬಗ್ಗಿ ನೋಡಬೇಕು, ಮತ್ತೆ ಸ್ವಲ್ಪ ಹಾಕಬೇಕು. ಚಿಪ್ಪಿನಲ್ಲೂ ಹಾಗೆಯೇ. ಸಣ್ಣ ಸಣ್ಣ ವೋಲ್ಟೇಜ್ ಮಿಡಿತ ಕೊಡುತ್ತಾ, ಪ್ರತಿ ಸಲ ಅಳೆಯುತ್ತಾ ತುಂಬುತ್ತಾರೆ. ಅದಕ್ಕೇ ತಡ.

ಈ ತಡವನ್ನು ಮುಚ್ಚಿಕೊಳ್ಳಲು ಒಂದು ಜಾಣ ಉಪಾಯ ಇದೆ. ನಮ್ಮ ಕಡೆ ಅಡಿಕೆ ಕೊಯ್ಲಿನ ದಿನ ನೆನಪಿಸಿಕೊಳ್ಳಿ. ತೋಟದಿಂದ ಬಂದ ಕೊನೆಗಳನ್ನು ಯಾರೂ ಅಲ್ಲೇ ನಿಂತು ವಿಂಗಡಿಸುವುದಿಲ್ಲ. ಮೊದಲು ಅಂಗಳದಲ್ಲಿ ಸುರಿಯುತ್ತಾರೆ. ಸುಲಿಯುವುದು, ಒಣಗಿಸುವುದು, ಚಾಲಿ, ಬಿಳೆಗೋಟು, ಕೆಂಪುಗೋಟು ಎಂದು ಬೇರೆ ಮಾಡುವುದು ಎಲ್ಲ ಆಮೇಲಿನ ಮಾತು. ಎಸ್‌ಎಸ್‌ಡಿಯೂ ತನ್ನ ಟಿಎಲ್‌ಸಿ ಜಾಗದಲ್ಲೇ ಒಂದಷ್ಟನ್ನು ಅಂಗಳ ಮಾಡಿಕೊಳ್ಳುತ್ತದೆ. ಅಲ್ಲಿ ಕೋಣೆಗೆ ಒಂದೇ ಬಿಟ್‌ನಂತೆ ರಪರಪ ಸುರಿದುಕೊಳ್ಳುತ್ತದೆ. ಇದು ಎಸ್‌ಎಲ್‌ಸಿ ಕ್ಯಾಷ್. ಆಮೇಲೆ ಬಿಡುವು ಸಿಕ್ಕಾಗ ಅದನ್ನೆಲ್ಲ ಮೂರು ಬಿಟ್‌ಗೆ ಒತ್ತಿ ಒಳಗೆ ಸೇರಿಸುತ್ತದೆ. ಡಬ್ಬದ ಮೇಲಿನ ಬರೆಯುವ ವೇಗ ಈ ಅಂಗಳದ ವೇಗ. ಸುಳ್ಳಲ್ಲ. ಅಂಗಳ ತುಂಬುವವರೆಗೆ ಮಾತ್ರ ನಿಜ.

ಅಂಗಳ ತುಂಬಿಸಿ ನೋಡೋಣ ಎಂದು ಲಿನಕ್ಸ್‌ನಲ್ಲಿ ಫಿಯೊ ಎಂಬ ಪರೀಕ್ಷಾ ಸಲಕರಣೆ ಹಚ್ಚಿದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಜೆನ್ಸ್ ಆಕ್ಸ್‌ಬೋ ಬರೆದದ್ದು. ಎರಡು ಎಚ್ಚರ ಬೇಕು. ರ‍್ಯಾಮ್ ಮಧ್ಯೆ ಬಾರದಂತೆ ನೇರವಾಗಿ ಡ್ರೈವಿಗೇ ಬರೆಯಬೇಕು. ಇಲ್ಲದಿದ್ದರೆ ನೀವು ಅಳೆಯುವುದು ರ‍್ಯಾಮ್‌ನ ವೇಗವನ್ನು. ಬರೆಯುವ ಡೇಟಾ ಯದ್ವಾತದ್ವಾ ಇರಬೇಕು. ಬರೀ ಸೊನ್ನೆಗಳನ್ನು ಕೊಟ್ಟರೆ ಕೆಲವು ಕಂಟ್ರೋಲರ್‌ಗಳು, ಅಂದರೆ ಡ್ರೈವನ್ನು ನಡೆಸುವ ಚಿಪ್ಪುಗಳು, ಅದನ್ನು ಹಿಂಡಿ ಚಿಕ್ಕದು ಮಾಡಿ ಮುಗಿಸಿಬಿಡುತ್ತವೆ. ಹಾಂ, ಈ ಪರೀಕ್ಷೆ ಡ್ರೈವಿನಲ್ಲಿದ್ದುದನ್ನೆಲ್ಲ ಅಳಿಸಿಹಾಕುತ್ತದೆ. ಖಾಲಿ ಇರುವಾಗಲೇ ಮಾಡಬೇಕು.

ಮೊದಲ 200 ಜಿಬಿಯವರೆಗೆ 6,500. ಆಮೇಲೆ ಗ್ರಾಫಿನ ಗೆರೆ ಮಾಗೋಡು ಜಲಪಾತದಂತೆ ಧುಮುಕಿ 1,400ರ ಸುತ್ತ ನಿಂತಿತು. ಲೆಕ್ಕ ಹಾಕಿ. ಡಬ್ಬದ ಪ್ರಕಾರ 1 ಟಿಬಿ ಬರೆಯಲು ಎರಡೂವರೆ ನಿಮಿಷ ಸಾಕು. ನಿಜದಲ್ಲಿ ಮೊದಲ 200 ಜಿಬಿಗೆ ಅರ್ಧ ನಿಮಿಷ, ಉಳಿದ 800 ಜಿಬಿಗೆ ಒಂಬತ್ತೂವರೆ ನಿಮಿಷ. ಒಟ್ಟು ಹತ್ತು. ಬೇಸರ ಮಾಡಿಕೊಳ್ಳಬೇಕಾದದ್ದೇನಿಲ್ಲ, ಸೆಕೆಂಡಿಗೆ 150 ಎಂಬಿಯ ಹಾರ್ಡ್ ಡಿಸ್ಕ್ ಇದಕ್ಕೆ ಎರಡು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ದುಬಾರಿ ಮತ್ತು ಅಗ್ಗದ ಎಸ್‌ಎಸ್‌ಡಿಗಳ ವ್ಯತ್ಯಾಸ ಗೊತ್ತಾಗುವುದೂ ಈ ಧುಮುಕಿದ ಮೇಲಿನ ಗೆರೆಯಲ್ಲಿಯೇ. ಕೋಣೆಗೆ ನಾಲ್ಕು ಬಿಟ್ ತುಂಬುವ ಅಗ್ಗದ ಡ್ರೈವ್‌ಗಳಲ್ಲಿ ಕೆಲವು ಇಲ್ಲಿ ಹಾರ್ಡ್ ಡಿಸ್ಕ್‌ಗಿಂತ ಕೆಳಗಿಳಿಯುವುದೂ ಉಂಟು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಖಾಲಿ ಡ್ರೈವಿನ ಪರೀಕ್ಷೆ ಎಂದರೆ ಮದುವೆ ಮನೆಯ ಮೊದಲ ಪಂಕ್ತಿ. ಎಲೆ ಹಾಸಿದೆ, ನೆಲ ಒಣಗಿದೆ, ಬಡಿಸುವವರಿಗೆ ಇನ್ನೂ ಹುಮ್ಮಸ್ಸಿದೆ. ಮೂರನೆಯ ಪಂಕ್ತಿಯಲ್ಲಿ ನೋಡಬೇಕು! ಫ್ಲ್ಯಾಶ್ ಮೆಮೊರಿಯಲ್ಲಿ ಪೇಜ್ ಎಂದರೆ ಒಂದು ಬಾಳೆ ಎಲೆ, ಸಾಮಾನ್ಯವಾಗಿ 16 ಕೆಬಿ. ಬ್ಲಾಕ್ ಎಂದರೆ ಇಡೀ ಪಂಕ್ತಿ, ನೂರಾರು, ಹೊಸ ಚಿಪ್ಪುಗಳಲ್ಲಿ ಸಾವಿರಾರು ಪೇಜು. ಎಲೆಗೆ ಒಂದೊಂದಾಗಿ ಬಡಿಸಬಹುದು. ಉಂಡ ಎಲೆಗೆ ಇನ್ನೊಬ್ಬರನ್ನು ಕೂರಿಸುವ ಹಾಗಿಲ್ಲ. ಒಂದೇ ಎಲೆ ಎತ್ತುವಂತೆಯೂ ಇಲ್ಲ. ಪಂಕ್ತಿ ಪೂರಾ ಏಳಬೇಕು, ಎಲೆ ತೆಗೆದು ನೆಲ ಒರೆಸಬೇಕು, ಆಮೇಲೆ ಹೊಸ ಎಲೆ.

ನೀವು ಒಂದು ಫೈಲ್ ತಿದ್ದಿದರೆ ಡ್ರೈವು ಹಳೆಯ ಪೇಜನ್ನು ಮುಟ್ಟುವುದಿಲ್ಲ. ಅದನ್ನು 'ಉಂಡ ಎಲೆ' ಎಂದು ಗುರುತು ಹಾಕಿ, ಹೊಸದನ್ನು ಬೇರೆಲ್ಲೋ ಖಾಲಿ ಎಲೆಗೆ ಬಡಿಸುತ್ತದೆ. ಖಾಲಿ ಎಲೆ ಇರುವಷ್ಟು ಕಾಲ ಸರಾಗ. ಸಭಾಂಗಣ ತುಂಬಿದಾಗ ಏನಾಗುತ್ತದೆ? ಒಂದು ಪಂಕ್ತಿಯಲ್ಲಿ ಅರ್ಧ ಜನ ಎದ್ದಿದ್ದಾರೆ, ಅರ್ಧ ಜನ ಇನ್ನೂ ಪಾಯಸದಲ್ಲಿದ್ದಾರೆ. ಹೊರಗೆ ಜನ ಕಾಯುತ್ತಿದ್ದಾರೆ. ಆಗ ಪಾಯಸದವರನ್ನು ಎಲೆ ಸಮೇತ ಬೇರೆ ಪಂಕ್ತಿಗೆ ಸಾಗಿಸಿ ಈ ಪಂಕ್ತಿ ತೆಗೆಯಬೇಕು. ಇದಕ್ಕೆ ಗಾರ್ಬೇಜ್ ಕಲೆಕ್ಷನ್ ಎನ್ನುತ್ತಾರೆ. ನೀವು ಬರೆದದ್ದು ಒಂದು, ಒಳಗೆ ಬರೆದದ್ದು ಎರಡೋ ಮೂರೋ. ಒಬ್ಬರು ಊಟಕ್ಕೆ ಬಂದರೆ ಮೂವರು ಜಾಗ ಬದಲಿಸಿದಂತೆ. ಪಾಯಸ ಉಣ್ಣುತ್ತಿರುವವರನ್ನು ಎಬ್ಬಿಸುವ ಕೆಲಸ ಎಷ್ಟು ನಿಧಾನ ಎಂದು ಮದುವೆ ಮನೆಯಲ್ಲಿ ಓಡಾಡಿದವರಿಗೆ ಗೊತ್ತು, ಅಲ್ವಾ?

ಅದಕ್ಕೇ ವೃತ್ತಿಪರರ ಪರೀಕ್ಷೆಯಲ್ಲಿ ಕಟ್ಟುನಿಟ್ಟು ಜಾಸ್ತಿ. ಸಂಗ್ರಹ ಸಾಧನ ಉದ್ಯಮದ ಸಂಘಟನೆ ಎಸ್‌ಎನ್‌ಐಎ ಒಂದು ವಿಧಾನ ಹಾಕಿಕೊಟ್ಟಿದೆ. ಮೊದಲು ಡ್ರೈವನ್ನು ಪೂರ್ತಿ ಅಳಿಸಬೇಕು. ಆಮೇಲೆ ಅದರ ಸಾಮರ್ಥ್ಯದ ಎರಡು ಪಟ್ಟು ಡೇಟಾ ಬರೆದು 'ಹದ'ಕ್ಕೆ ತರಬೇಕು. ನಂತರ ಸುತ್ತು ಸುತ್ತಾಗಿ ಅಳೆಯುತ್ತಾ ಹೋಗಬೇಕು. ಸತತ ಐದು ಸುತ್ತುಗಳಲ್ಲಿ ಫಲಿತಾಂಶದ ಏರಿಳಿತ ಸರಾಸರಿಯ 20 ಶೇಕಡಾ ಮೀರಬಾರದು. ಆಗ ಬಂದ ಸಂಖ್ಯೆಗೆ ಬೆಲೆ. ಭಾವನಿಗೆ ಗಾಬರಿ, ಇಷ್ಟು ಬರೆದರೆ ಡ್ರೈವು ಸವೆಯುವುದಿಲ್ಲವೇ ಎಂದು. ಸವೆಯುತ್ತದೆ. ಆದರೆ ಈ ಗಾತ್ರದ ಒಳ್ಳೆಯ ಡ್ರೈವ್‌ಗಳಿಗೆ 1,200 ಟಿಬಿ ಬರೆಯುವವರೆಗೆ ವಾರಂಟಿ ಇರುವುದು ಸಾಮಾನ್ಯ. ಅವನು ವರ್ಷಕ್ಕೆ 60 ಆಟ ತುಂಬಿದರೂ 65 ಟಿಬಿ. ಹದಿನೆಂಟು ವರ್ಷ ಬರೆಯಬಹುದು.

ಇನ್ನೊಂದು ಸಂಖ್ಯೆ ಡಬ್ಬದ ಮೇಲೆ ದಪ್ಪಗೆ ಕಾಣುವುದೇ ಇಲ್ಲ. ನಾನು ಮೊದಲು ನೋಡುವುದು ಅದನ್ನೇ. ಚದುರಿದ 4 ಕೆಬಿ ತುಣುಕುಗಳನ್ನು ಒಂದಾದ ಮೇಲೆ ಒಂದು ಓದುವ ವೇಗ. ಲ್ಯಾಪ್‌ಟಾಪ್ ಆನ್ ಆಗುವಾಗ, ಪ್ರೋಗ್ರಾಮು ತೆರೆಯುವಾಗ ಹೆಚ್ಚಾಗಿ ನಡೆಯುವುದು ಇದು. ಇಲ್ಲಿ ಸೆಕೆಂಡಿಗೆ 7,000 ಇಲ್ಲ, 80 ಎಂಬಿ! ಒಂದು ತುಣುಕಿಗೆ ಸುಮಾರು 50 ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿಗೆ 20,000 ತುಣುಕು, ತಲಾ 4 ಕೆಬಿ. ಲೆಕ್ಕ ಸರಿಹೋಯಿತು. ದೊಡ್ಡ ಕಾವಲಿ ಇರುವ ಹೋಟೆಲಿನಲ್ಲಿ ಒಮ್ಮೆಗೆ ಎಂಟು ದೋಸೆ ಹುಯ್ಯಬಹುದು. ಗಂಟೆಗೆ ಇಷ್ಟು ನೂರು ದೋಸೆ ಎಂದು ಬೋರ್ಡು ಹಾಕಬಹುದು. ಒಂದೇ ದೋಸೆ ಬೇಕು ಎಂದು ಕೂತವನಿಗೆ ಮಾತ್ರ ಒಂದು ದೋಸೆ ಬೇಯುವಷ್ಟು ಹೊತ್ತು ಕಾಯದೆ ಗತಿಯಿಲ್ಲ.

1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಬೇಕಾದ ಜಾಗ ಹುಡುಕಲು ಸರಾಸರಿ 600 ಮಿಲಿಸೆಕೆಂಡ್. ಐವತ್ತು ಚಿಲ್ಲರೆ ವರ್ಷ ಕಷ್ಟಪಟ್ಟು ಹಾರ್ಡ್ ಡಿಸ್ಕು ಅದನ್ನು ಹನ್ನೆರಡರ ಆಸುಪಾಸಿಗೆ ಇಳಿಸಿತು. ಅದಕ್ಕಿಂತ ಕೆಳಗೆ ಹೋಗುವುದು ಕಷ್ಟ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಅರ್ಧ ಸುತ್ತು ಬರಲಿಕ್ಕೇ ನಾಲ್ಕು ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ತಗ್ಗಿಸಿತು. ಹಳೆ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದಾಗ 'ಜೀವ ಬಂತು' ಎನ್ನುತ್ತೇವಲ್ಲ, ಆ ಜೀವ ಇದು. ಸಾಧಾರಣ ಎಸ್‌ಎಸ್‌ಡಿಯಿಂದ ದುಬಾರಿಯದಕ್ಕೆ ಹೋದಾಗ ಅಂಥ ವ್ಯತ್ಯಾಸ ಕಾಣದಿರುವುದಕ್ಕೂ ಕಾರಣ ಇದೇ. ಇಬ್ಬರ ಒಂಟಿ ದೋಸೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೇಯುತ್ತದೆ.

ಬಿಸಿಯ ವಿಷಯ ಬಿಡುವಂತಿಲ್ಲ. ಎಡೆಬಿಡದೆ ಬರೆಯುವಾಗ ಕಂಟ್ರೋಲರ್ ಕಾದು 80 ಡಿಗ್ರಿಯ ಹತ್ತಿರ ಹೋದರೆ ಡ್ರೈವು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಶಿರಸಿಯ ಡಿಸೆಂಬರ್ ಬೆಳಿಗ್ಗೆ ಮಾಡಿದ ಪರೀಕ್ಷೆಯನ್ನು ಕಾರವಾರದ ಮೇ ಮಧ್ಯಾಹ್ನದಲ್ಲಿ ಮಾಡಿ ನೋಡಿ, ಗೆರೆ ಬೇಗ ಬಗ್ಗುತ್ತದೆ. ಪರೀಕ್ಷೆ ಮಾಡುವವರು ಕೋಣೆಯ ಉಷ್ಣತೆಯನ್ನೂ ಬರೆದಿಡಬೇಕು.

ರಾತ್ರಿ ಡ್ರೈವನ್ನು 'ಟ್ರಿಮ್' ಮಾಡಿ, ಅಂದರೆ ಯಾವ ಎಲೆಗಳು ಉಂಡವು ಎಂದು ತಿಳಿಸಿ, ಲ್ಯಾಪ್‌ಟಾಪ್ ಆನ್ ಇಟ್ಟು ಮಲಗಿದೆವು. ಬೆಳಿಗ್ಗೆ ಬರೆದು ನೋಡಿದರೆ ಮತ್ತೆ 6,500, ಮತ್ತೆ 200 ಜಿಬಿಯವರೆಗೆ. ರಾತ್ರಿಯಿಡೀ ಅಂಗಳ ಗುಡಿಸಿಕೊಂಡಿತ್ತು.

ತಿಂಡಿ ತಿನ್ನುತ್ತಾ ಭಾವನಿಗೆ ಅವನದೇ ಲೆಕ್ಕ ತೋರಿಸಿದೆ. 1,080 ಜಿಬಿಯನ್ನು ಆ ಕಾರ್ಡುಗಳಿಂದ 90 ಎಂಬಿಯಂತೆ ಎಳೆದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಡ್ರೈವು ಬಹುಪಾಲು ಸುಮ್ನೆ ಕೂತಿರುತ್ತದೆ. ಯುಎಚ್‌ಎಸ್-2 ಕಾರ್ಡು, ಅದಕ್ಕೆ ತಕ್ಕ ರೀಡರ್ ಇದ್ದು 250 ಸಿಕ್ಕಿದರೆ ಒಂದು ಗಂಟೆ ಹನ್ನೆರಡು ನಿಮಿಷ. ರೀಡರ್ ಇವತ್ತೇ ಆರ್ಡರ್ ಮಾಡುತ್ತೇನೆ ಎಂದು ಫೋನ್ ತೆಗೆದ. ಆಮೇಲೆ ಆ ಜಾತಿಯ ಕಾರ್ಡುಗಳ ಬೆಲೆ ನೋಡಿದ. ಫೋನ್ ಮಗುಚಿ ಇಟ್ಟು, ಇನ್ನೊಂದು ದೋಸೆ ಹಾಕಿಸಿಕೊಂಡ.